ಅರಗಿಲ್ಲದ ಮರದ ಗುಂಡು

ಆಗ ನನಗೆ ಅರವತ್ತೆರಡು. ಒಂಬತ್ತು ವರ್ಷವಾಯಿತು. ಮೊನ್ನೆ ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಯಾರೋ ಬೊಂಬೆಗೆ ಅರಗು ಹಿಡಿಯುತ್ತಿದ್ದರು. ಬಿಸಿ ಅರಗಿನ ವಾಸನೆ ಮೂಗಿಗೆ ಬಡಿದು ಎದುರುಮನೆ ಅಣ್ಣ ನೆನಪಾದರು.

ನಲವತ್ತು ವರ್ಷ ಬೊಂಬೆ ಕಡೆದವರು. ಕೈ ನಡುಗಲು ಶುರುವಾದ ಮೇಲೆ ಕೆಲಸ ಬಿಟ್ಟು, ನಡುಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟರು. ಒಳಗೆ ನಾಲ್ಕು ಮೀನು, ಉಳಿದದ್ದೆಲ್ಲ ನೀರುಗಿಡ. ದಿನವೆಲ್ಲ ಅದರ ಮುಂದೆ ಕೂರುವುದು ಬಿಟ್ಟರೆ ಅವರಿಗೆ ಬೇರೆ ಏನೂ ಉಳಿದಿರಲಿಲ್ಲ. ಗಿಡಗಳೋ, ಹಳದಿಯಾಗಿ ಕೊಳೆಯುತ್ತಿದ್ದವು. ನೀರು ನಾರುತ್ತದೆ, ಭಾನುವಾರದೊಳಗೆ ಚಿಗುರದಿದ್ದರೆ ತೊಟ್ಟಿ ಎತ್ತಿಸಿಬಿಡುತ್ತೇನೆ ಎಂದು ಅವರ ಮಗಳು ಹೇಳಿದ್ದಳು.

ನಾನು ಇಡ್ಲಿ ಹಿಟ್ಟು ರುಬ್ಬಿ ಮಾರುವವಳು. ಒಂದು ದಿನ ಕರೆದು ಕೇಳಿದರು.

“ಹಿಟ್ಟು ಯಾಕುಬ್ತದೆ ಹೇಳವ್ವ?”

“ಹುಳಿ ಬಂದು ಗಾಳಿ ತುಂಬ್ಕತದೆ. ಯಾಕಣ್ಣ?”

“ಆ ಗಾಳೀನೇ ಈ ಗಿಡಕ್ಕೆ ಊಟವಂತೆ. ಸೋಡಾದಲ್ಲಿರೋ ಗ್ಯಾಸು ಕಣವ್ವ. ಬಾಟ್ಲಿಗೆ ಸಕ್ಕರೆ, ಈಸ್ಟು ಹಾಕಿದ್ರೆ ತಾನೇ ಹುಟ್ತದಂತೆ.”

“ಮೀನು ಸಾಯಾಕಿಲ್ವಾ?”

“ಒಸಿ ಒಸಿ ಬುಟ್ರೆ ಏನೂ ಆಗಾಕಿಲ್ಲ.”

ನನಗೆ ತಡೆಯಲಾಗಲಿಲ್ಲ. ನೀರು ಬೆರಳಿಗೆ ಬೆಚ್ಚಗಿದ್ದರೆ ಸಾಕು ಎಂದು ನಾನೇ ಬೆರೆಸಿದೆ. ಬಾಟಲಿಯ ಮುಚ್ಚಳಕ್ಕೆ ತೂತು, ತೂತಿಗೆ ಕೊಳವೆ, ಕೊಳವೆಯ ತುದಿ ತೊಟ್ಟಿಯ ನೀರಲ್ಲಿ. ಗುಳ್ಳೆ ದಪ್ಪದಪ್ಪಗೆ ಬಂದು ಮೇಲೇರಿ ಒಡೆದುಹೋಗುತ್ತಿತ್ತು. ಗಿಡಕ್ಕೆ ಏನೂ ದಕ್ಕುತ್ತಿರಲಿಲ್ಲ. ಮರದೊಳಗಿನಿಂದ ಹಾಯಿಸಿದರೆ ಗುಳ್ಳೆ ಸಣ್ಣಗಾಗುತ್ತದೆ ಎಂದು ಅಣ್ಣ, ಬಟ್ಟೆ ಮುಚ್ಚಿಟ್ಟಿದ್ದ ಕಡೆಯುವ ಮಿಷನ್ನು ತೆಗೆದರು. ಹಾಲೆಮರದಲ್ಲಿ ಹೆಬ್ಬೆರಳು ಗಾತ್ರದ ಗುಂಡು ಕಡೆದು ಕೊಳವೆಯ ತುದಿಗೆ ಸಿಕ್ಕಿಸಿದರು. ಕೆಂಪಗೆ ಹೊಳೆಯುತ್ತಿತ್ತು.

ಒಂದು ಗುಳ್ಳೆಯೂ ಬರಲಿಲ್ಲ. ಶನಿವಾರ ಮಧ್ಯಾಹ್ನ ಮುಚ್ಚಳ ಢಬ್ಬೆಂದು ಹಾರಿ ಸಕ್ಕರೆ ನೀರು ಗೋಡೆಗೆಲ್ಲ ರಾಚಿತು. ಮಗಳು ಪೊರಕೆ ಹಿಡಿದು ಬಂದಳು. ನಾನು ಗುಂಡನ್ನು ನೀರಿಂದ ಎತ್ತಿ ನೋಡಿದೆ.

“ಅಣ್ಣೋ, ಇದ್ಕೂ ಅರಗು ಬಳಿದಿದ್ದೀರಲ್ಲ! ಗಾಳಿ ಎಲ್ಲಿಂದ ನುಗ್ಗೀತು? ಯಾವ ಮಗೀಗೆ ಆಡಕ್ಕೆ ಇದು?”

ಅವರು ಗುಂಡು ನೋಡಿದರು, ಕೈ ನೋಡಿಕೊಂಡರು. “ನಂಗೆ ಗೊತ್ತೇ ಆಗ್ಲಿಲ್ಲ ಕಣವ್ವ. ಕೈ ತಾನೇ ಬಳಿದ್ಬುಟ್ಟೈತೆ.”

ಮಗಳು ಬೈಯಲು ಬಂದವಳು ನಕ್ಕಳು. ಇನ್ನೊಂದು ವಾರ ಇರಲಿ ಎಂದಳು.

ಎರಡನೆಯದಕ್ಕೆ ಅರಗು ಮುಟ್ಟಿಸಲಿಲ್ಲ. ಸೊಟ್ಟಗಿತ್ತು, ಬೋಳಾಗಿತ್ತು. ಇಷ್ಟು ಕೆಟ್ಟದ್ದನ್ನು ಜನ್ಮದಲ್ಲೇ ಕಡೆದಿಲ್ಲ ಎಂದು ಮುಖ ತಿರುಗಿಸಿದರು. ಅದರಿಂದ ಹೊರಟ ಗುಳ್ಳೆ ಚಿರೋಟಿ ರವೆಯ ಹಾಗೆ ನೀರೆಲ್ಲ ಹರಡಿತು... ವಾರದೊಳಗೆ ಚಿಗುರು. ಮಧ್ಯಾಹ್ನ ತೊಟ್ಟಿಯ ದೀಪದ ಕೆಳಗೆ ಎಲೆಗಳ ಮೇಲೂ ಗುಳ್ಳೆ ಕೂತಿದ್ದವು.

“ಇದು ನಾವು ಬುಟ್ಟಿದ್ದಾ?”

“ಇಲ್ಲ ಕಣವ್ವ, ಗಿಡ ಬುಟ್ಟಿರೋದು. ಅದು ಮೀನಿಗೆ.”

ಎಲೆ ಉಸಿರಾಡುವುದನ್ನು ಕಣ್ಣಲ್ಲಿ ನೋಡಬಹುದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಎರಡು ವರ್ಷ ಇದ್ದರು. ಹತ್ತು ದಿನಕ್ಕೊಮ್ಮೆ ಬಾಟಲಿ ಬದಲಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ತೊಟ್ಟಿ ಮಗಳ ಜೊತೆ ಹೋಯಿತು. ದೀಪ ಆರಿಸಿದ ಮೇಲೆ ಗಿಡ ಏನು ಮಾಡುತ್ತದೆ ಎಂದು ಕೇಳಬೇಕೆಂದಿದ್ದೆ... ಕೇಳಲೇ ಇಲ್ಲ. ಇನ್ನು ಯಾರನ್ನು ಕೇಳಲಿ.

ಅವರು ತೀರಿಕೊಂಡದ್ದು ಬಾಟಲಿ ಬದಲಿಸಿದ ಒಂಬತ್ತನೆಯ ದಿನ. ಮರುದಿನ ಬೆಳಿಗ್ಗೆ ಬಂದವರೆಲ್ಲ ಅಳುತ್ತಾ ಕೂತಿದ್ದರು. ನಾನು ಅವರನ್ನು ದಾಟಿಕೊಂಡು ಒಳಗೆ ಹೋಗಿ, ಬಾಟಲಿ ತೊಳೆದು, ಸಕ್ಕರೆ ಬೆರೆಸಿದೆ.