ಕ್ಲಾರಿ ಟಕ್‌ವೆಲ್‌ನ ಆರಡಿ ಮೂರಡಿ

ನಮ್ಮ ವಿರಬೂಲ್‌ನ ಸ್ಮಶಾನ ಸಮಿತಿಗೆ ಕ್ಲಾರಿ ಟಕ್‌ವೆಲ್ ಅಧ್ಯಕ್ಷನಾದದ್ದು ಬೇರೆ ಯಾರೂ ಕೈ ಎತ್ತಲಿಲ್ಲ ಎಂಬ ಒಂದೇ ಕಾರಣಕ್ಕೆ. ಆದರೆ ಅಧಿಕಾರ ಅಂದರೆ ಅಧಿಕಾರವೇ ನೋಡಿ. ಬದುಕಿಡೀ ಮರದ ಮಿಲ್ಲಿನಲ್ಲಿ ಇನ್ನೊಬ್ಬರ ಮಾತು ಕೇಳಿಕೊಂಡು ದಿಮ್ಮಿ ಉರುಳಿಸಿದವನಿಗೆ ಇಳಿವಯಸ್ಸಿನಲ್ಲಿ ಊರಿನ ಸತ್ತವರೆಲ್ಲ ಕೈಕೆಳಗೆ ಬಂದರು. ಎದುರುತ್ತರ ಕೊಡದ ಪ್ರಜೆಗಳು! ಇಂಥ ರಾಜ್ಯಭಾರ ಯಾವ ಪ್ರಧಾನಿಗೂ ಸಿಕ್ಕಿದ್ದಿಲ್ಲ.

ಅವನಿಗೆ ಪ್ರೀತಿ ಇದ್ದದ್ದು ಎರಡರ ಮೇಲೆ: ಹೆಂಡತಿ ನಾರ್ಮಾ, ಮತ್ತು ವಿಕ್ಟೋರಿಯಾ ರಾಜ್ಯ. ಸಿಟ್ಟು ಇದ್ದದ್ದು ಒಂದರ ಮೇಲೆ: ನದಿಯಾಚೆಯ ನ್ಯೂ ಸೌತ್ ವೇಲ್ಸ್. ಮರ್ರೆ ನದಿಯ ಈ ದಡದಲ್ಲಿ ನಾವು, ಆ ದಡದಲ್ಲಿ ಗಿಲ್ಪಿನ್ ಊರಿನವರು, ನಡುವೆ ಒಂದು ಹಳೇ ಸೇತುವೆ. ನಾವಿಲ್ಲಿ ಸೀನಿದರೆ ಅವರಲ್ಲಿ "ದೇವರು ಕಾಪಾಡಲಿ" ಅನ್ನುವಷ್ಟು ಹತ್ತಿರ. ಆದರೂ ಕ್ಲಾರಿಯ ಲೆಕ್ಕದಲ್ಲಿ ಆಚೆಯವರೆಲ್ಲ ಕಳ್ಳರು, ಅವರ ಬಿಯರ್ ಬರೀ ನೀರು, ಅವರ ನಾಯಿಗಳಿಗೂ ಮರ್ಯಾದೆ ಗೊತ್ತಿಲ್ಲ.

ನಾರ್ಮಾ ತೀರಿಕೊಂಡಾಗ ಅವಳನ್ನು ನಮ್ಮ ಸ್ಮಶಾನದಲ್ಲೇ ಮಣ್ಣು ಮಾಡಿದರು. ಪಕ್ಕದ ಜಾಗ ಕ್ಲಾರಿಗೆಂದು ಖಾಲಿ ಬಿಟ್ಟರು. "ತಡವಾದ್ರೂ ಪರವಾಗಿಲ್ಲ, ಬೇರೆ ಕಡೆ ಮಾತ್ರ ಹೋಗ್ಬೇಡ" ಎಂದು ಅವಳು ಕೊನೆಗಾಲದಲ್ಲಿ ಹೇಳಿದ್ದಳಂತೆ. ಪ್ರತಿ ಭಾನುವಾರ ಅವನು ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಹೋಗಿ ಆ ಖಾಲಿ ಹುಲ್ಲಿನ ಮೇಲೆ, ಅಂದರೆ ತನ್ನ ಮೇಲೆ ತಾನೇ, ಕೂತು ಊರಿನ ಸುದ್ದಿಯೆಲ್ಲ ಅವಳಿಗೆ ಒಪ್ಪಿಸಿ ಬರುತ್ತಿದ್ದ.

ಆಮೇಲೆ ಅಧ್ಯಕ್ಷನಾದ. ಜಾಗ ಕಮ್ಮಿಯಾಗುತ್ತಿದೆ ಎಂದು ಯಾರೋ ಅಂದರು. ಸಾಕಲ್ಲ, ಕುಣಿಯುವವನಿಗೆ ಗೆಜ್ಜೆ ಕಟ್ಟಿದ ಹಾಗಾಯಿತು. ಸಾಯುವ ಹೊತ್ತಿನಲ್ಲಿ ವಿಕ್ಟೋರಿಯಾದ ನಿವಾಸಿಯಾಗಿದ್ದವರಿಗೆ ಮಾತ್ರ ಇಲ್ಲಿ ಗುಂಡಿ ಎಂದು ನಿಯಮ ಮಾಡಿಸಿದ. ಅದಕ್ಕೆ ಮೊದಲು ಸಿಕ್ಕಿಬಿದ್ದವನು ಟೆಡ್ ಹ್ಯಾಲಮ್. ಈಚೆಯಲ್ಲೇ ಹುಟ್ಟಿ, ಈಚೆಯಲ್ಲೇ ಕ್ಲಾರಿಯ ಜೊತೆ ಶಾಲೆಗೆ ಹೋಗಿ, ನಡುವಯಸ್ಸಿನಲ್ಲಿ ಗಿಲ್ಪಿನ್‌ಗೆ ಹೋಗಿ ಬೇಕರಿ ಹಾಕಿದವನು. ಹೋದ ಚಳಿಗಾಲದಲ್ಲಿ ಸತ್ತ. ಕ್ಲಾರಿ ಆಗದು ಅಂದ. ಟೆಡ್‌ನನ್ನು ಆಚೆ ದಡದಲ್ಲೇ ಹೂಳಿದರು.

ಈ ವಸಂತದಲ್ಲಿ ಟೆಡ್‌ನ ಹೆಂಡತಿ ಗ್ಲೆನಿಸ್ ಸಮಿತಿಯ ಸಭೆಗೆ ಬಂದಳು. ಸಭೆ ಅಂದರೇನು ಮಹಾ, ಫುಟ್‌ಬಾಲ್ ಕ್ಲಬ್ಬಿನ ಹಿಂದಿನ ಕೋಣೆ, ಒಂದು ತಟ್ಟೆ ಸಾಸೇಜ್ ರೋಲ್, ಅಧ್ಯಕ್ಷ ಕ್ಲಾರಿ, ಗುಂಡಿ ತೋಡುವ ಲೆನ್ ಬಿರೆಲ್, ಮತ್ತು ತಿನ್ನಲಿಕ್ಕೆಂದು ಬಂದ ನಾವು ಐದಾರು ಜನ.

"ನನ್ನ ಮಗಳು ಡಾಫ್ನೆ ಇಲ್ಲಿದ್ದಾಳೆ ಕ್ಲಾರಿ" ಎಂದಳು ಗ್ಲೆನಿಸ್. "ಆರು ವರ್ಷಕ್ಕೇ ಹೋದ ಮಗು. ನಂಗೆ ಅವಳ ಪಕ್ಕ ಜಾಗ ಬೇಕು."

"ನೀನೀಗ ಆಚೆಯವಳಲ್ವೇನಮ್ಮ?"

"ಸೇತುವೆ ದಾಟಿದ್ರೆ ಹೆತ್ತ ಮಗಳು ಬೇರೆಯವಳಾಗಿಬಿಡ್ತಾಳೇನೋ?"

"ನಿಯಮ ಅಂದ್ರೆ ನಿಯಮ. ಟೆಡ್ ಸತ್ತಾಗ್ಲೂ ಅದನ್ನೇ ಹೇಳಿದ್ದೆ."

"ಹೇಳಿದ್ದೆ. ಮರೆತಿಲ್ಲ." ಗ್ಲೆನಿಸ್ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು, ಓದಲಿಕ್ಕಲ್ಲ, ಅವನನ್ನು ಸರಿಯಾಗಿ ನೋಡಲಿಕ್ಕೆ. "ನಮ್ಮ ದೇಶದ ಸಂವಿಧಾನದಲ್ಲಿ ನೂರಾ ಹದಿನೇಳನೇ ವಿಧಿ ಅಂತ ಒಂದಿದೆ. ಇನ್ನೊಂದು ರಾಜ್ಯದಲ್ಲಿ ವಾಸ ಮಾಡ್ತಾನೆ ಅನ್ನೋ ಕಾರಣಕ್ಕೆ ಯಾರಿಗೂ ಭೇದ ಮಾಡೋ ಹಾಗಿಲ್ಲ. ನಿನ್ನ ಸಮಿತಿ ಸರ್ಕಾರದ್ದೇ ತಾನೆ? ನಿಂಗೂ ಅನ್ವಯಿಸತ್ತೆ."

ಕ್ಲಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಂವಿಧಾನ ಬದುಕಿರೋರಿಗೆ ಕಣಮ್ಮ! ಗುಂಡಿಗಿಳಿಯೋರಿಗೆ ಎಂಥ ಸಂವಿಧಾನ?"

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವನು ಕ್ಲಾರಿ ಹೇಗಾಗುತ್ತಿದ್ದ? ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿದ್ದ ತನ್ನ ಮೀನಿನ ಕಥೆ ತೆಗೆದ.

"ನಿಮ್ಮ ರಾಜ್ಯದೋರು ನಂಗೆ ಮಾಡಿದ್ದೇನು, ಅದನ್ನ ಕೇಳು ಮೊದ್ಲು. ನನ್ನ ಮನೇಲಿ, ನನ್ನ ಮಂಚದ ಮೇಲೆ ಕೂತು, ಕಿಟಕಿಯಿಂದ ಗಾಳ ಬಿಟ್ಟಿದ್ದೆ. ಇಷ್ಟುದ್ದ ಕಾಡ್ ಮೀನು ಬಿತ್ತು! ಎಲ್ಲಿಂದ್ಲೋ ಬಂದ ಆಚೆಯ ಇನ್‌ಸ್ಪೆಕ್ಟರು, ಪರವಾನಗಿ ತೋರ್ಸು ಅಂದ. ನಾನು ವಿಕ್ಟೋರಿಯಾದೋನು ಕಣಯ್ಯಾ ಅಂದೆ. ನೀನು ಯಾರಾದ್ರೂ ಆಗಿರು, ನದಿ ನಮ್ದು ಅಂದ. ಮೀನೂ ತಗೊಂಡ, ಗಾಳಾನೂ ತಗೊಂಡ. ನೀರೆಲ್ಲಾ ಅವರದಂತೆ, ನಮ್ಮ ದಡದ ಅಂಚಿನವರೆಗೂ! ಯಾವ ಕಾಲದಿಂದ್ಲೋ ಕಾನೂನೇ ಹಾಗಂತೆ! ಅಂಥವರಿಗೆ ನಾನು ನೆಲ ಕೊಡ್ಬೇಕಾ?"

"ಆ ಮಂಚ ಈಗ್ಲೂ ಅಲ್ಲೇ ಇದೆಯಾ?" ಗ್ಲೆನಿಸ್ ತಣ್ಣಗೆ ಕೇಳಿದಳು.

"ಇನ್ನೆಲ್ಲಿರತ್ತೆ?"

"ದೋಣಿಮನೇಲಿ?"

"ಹೌದು."

"ನೀರಿನ ಮೇಲೆ?"

"ದೋಣಿ ನೀರಿನ ಮೇಲಿರದೆ ಮರದ ಮೇಲಿರತ್ತಾ?"

"ಹಾಗಾದ್ರೆ ನೀನು ಯಾವ ರಾಜ್ಯದಲ್ಲಿ ಮಲಗ್ತೀಯೋ ಕ್ಲಾರಿ?"

ಲೆನ್‌ನ ಗಂಟಲಲ್ಲಿ ಸಾಸೇಜ್ ರೋಲ್ ಸಿಕ್ಕಿಕೊಂಡಿತು. ನಾವು ಬೆನ್ನು ಗುದ್ದಿ ಇಳಿಸಿದೆವು.

ನದಿ ಆಚೆಯವರದು ಎಂದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಕ್ಲಾರಿ ನಾರ್ಮಾಳೊಂದಿಗೆ ಮೂವತ್ತು ವರ್ಷ ಸಂಸಾರ ಮಾಡಿದ ದೋಣಿಮನೆಯನ್ನು ನಮ್ಮ ದಡದ ಮರಕ್ಕೆ ಎರಡು ಹಗ್ಗ ಹಾಕಿ ಕಟ್ಟಿದ್ದೂ ಗೊತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಒಬ್ಬನಿಗಾದರೂ ಬಂತೇ? ಅಂಚೆ ಪೆಟ್ಟಿಗೆ ದಡದ ಮೇಲಿತ್ತು, ಆದ್ದರಿಂದ ಅವನು ನಮ್ಮವನು. ಅವನ ಕಾಗದಪತ್ರ ವಿಕ್ಟೋರಿಯಾಕ್ಕೆ ಬರುತ್ತಿತ್ತು, ಅವನ ಗೊರಕೆ ನ್ಯೂ ಸೌತ್ ವೇಲ್ಸಿನಲ್ಲಿ ನಡೆಯುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಇವನು ಕೂತು ಉಣ್ಣಲಿಕ್ಕೂ ಜಾಗವಿಲ್ಲದ ಹಾಗೆ ಮಾಡಿಕೊಂಡಿದ್ದ.

ಆ ಭಾನುವಾರ ಅವನು ನಾರ್ಮಾಳ ಬಳಿ ಹೋದ. ಖಾಲಿ ಹುಲ್ಲಿನ ಮೇಲೆ ಕೂರಲು ಹೆದರಿಕೆಯಾಯಿತು. ನಿಜಕ್ಕೂ ಹೆದರಿಕೆ. ಅದು ತನ್ನದಲ್ಲ ಎಂದು ತಾನೇ ಅಧ್ಯಕ್ಷನಾಗಿ ಆಣತಿ ಹೊರಡಿಸಿದ್ದ. ನಿಂತುಕೊಂಡೇ ಚಹಾ ಕುಡಿದ. ನಾರ್ಮಾಳಿಗೆ ಏನು ಹೇಳುವುದು? ನಾನೇ ನನ್ನನ್ನು ಓಡಿಸಿದೆ ಕಣೇ ಅನ್ನುವುದೇ? ಅವಳು ಬದುಕಿದ್ದಿದ್ದರೆ ನಕ್ಕೂ ನಕ್ಕೂ ಸಾಯುತ್ತಿದ್ದಳು. ಅವನಿಗೆ ಅಳು ಬಂತು.

ಲೆನ್ ಉಪಾಯ ತಂದ. "ದಡದ ಮೇಲೊಂದು ಕ್ಯಾರವಾನ್ ತಗೊಂಡು ಇದ್ಬಿಡು ಮಾರಾಯ."

"ಅವಳ ಜೊತೆ ಬಾಳಿದ ಮನೆ ಬಿಟ್ಟು ಚಕ್ರದ ಡಬ್ಬೀಲಿ ಸಾಯ್ಲಾ?"

"ಸರಿ ಬಿಡು. ನಿಂಗೊಬ್ಬನಿಗೆ ವಿನಾಯಿತಿ ಅಂತ ಒಂದು ಸಾಲು ಸೇರಿಸಿದ್ರಾಯ್ತು. ಯಾರು ಕೇಳ್ತಾರೆ?"

ಕ್ಲಾರಿಗೆ ಇದು ಹಿಡಿಸಿತು. ಅಧಿಕಾರವಿದ್ದವರಿಗೆ ಹಿಡಿಸುವುದೇ ಇಂಥ ಔಷಧಿ. ಆದರೆ ನಮ್ಮೂರಿನಲ್ಲಿ ಗುಟ್ಟು ಜನರಿಗಿಂತ ಬೇಗ ಸೇತುವೆ ದಾಟುತ್ತದೆ. ಮರುದಿನವೇ ಗ್ಲೆನಿಸ್ ದಡಕ್ಕೆ ಬಂದು ದೋಣಿಯತ್ತ ಕೂಗಿದಳು.

"ವಿನಾಯಿತಿ ಅಂತೆ? ಇವತ್ತು ನೀನೇ ಬರ್ಕೊಳ್ತೀಯ, ನಾಳೆ ಇನ್ನೊಬ್ಬ ಅಧ್ಯಕ್ಷ ಕಿತ್ಕೊಳ್ತಾನೆ. ನಿನ್ನಂಥೋನೇ ಒಬ್ಬ! ದಯೆ ಮೇಲೆ ಮಲಗ್ತೀಯೋ, ಹಕ್ಕಿನ ಮೇಲೆ ಮಲಗ್ತೀಯೋ, ಯೋಚ್ನೆ ಮಾಡು!"

"ನನ್ನಂಥೋನೇ ಒಬ್ಬ" ಎಂಬುದು ಅವನಿಗೆ ನಾಟಿತು. ತನ್ನಂಥವನ ಕೈಗೆ ತಾನು ಸಿಕ್ಕಿದರೆ ಏನಾಗುತ್ತದೆಂದು ಅವನಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತು?

ಮುಂದಿನ ಸಭೆಯಲ್ಲಿ ಕ್ಲಾರಿ ಟೈ ಕಟ್ಟಿಕೊಂಡು ಬಂದ. ನೂರಾ ಹದಿನೇಳನೇ ವಿಧಿಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಕೇಳಿದವರು ಅದನ್ನು ಬರೆದವನೇ ಇವನಿರಬೇಕು ಅಂದುಕೊಳ್ಳಬೇಕು, ಹಾಗೆ! ರಾಜ್ಯ ರಾಜ್ಯ ಅಂತ ಬಡಿದಾಡುವುದು ನಾಚಿಕೆಗೇಡು ಎಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ಕೂತೆವು, ನೋಡಿಕೊಂಡಿದ್ದರೆ ನಗು ತಡೆಯುತ್ತಿರಲಿಲ್ಲ. ನಿಯಮ ರದ್ದಾಯಿತು.

ಕ್ಲಾರಿ ಆ ಟೈನಲ್ಲೇ ಸೇತುವೆ ದಾಟಿ ಬೇಕರಿಗೆ ಹೋದ. ಗ್ಲೆನಿಸ್ ಒಲೆಯಿಂದ ಬಿಸಿ ಪೈಗಳನ್ನು ತೆಗೆಯುತ್ತಿದ್ದಳು.

"ನಿಯಮ ಕಿತ್ತುಹಾಕ್ದೆ ಗ್ಲೆನಿಸ್! ಡಾಫ್ನೆ ಪಕ್ಕದ ಜಾಗ ನಿಂದೇ. ಯಾರೂ ಬೇಡ ಅನ್ನೋ ಹಾಗಿಲ್ಲ. ಹಕ್ಕು!"

ಅವಳು ತಟ್ಟೆಯನ್ನು ಕೆಳಗಿಟ್ಟಳು. "ಮತ್ತೆ ಟೆಡ್?"

ಕ್ಲಾರಿ ಟೈಯ ಗಂಟು ಸಡಿಲಿಸಿದ.

"ಡಾಫ್ನೆ ನಿಮ್ಮ ದಡದಲ್ಲಿ, ಟೆಡ್ ನಮ್ಮ ದಡದಲ್ಲಿ. ನಾನಿರೋದು ಒಬ್ಳು. ಯಾರ ಪಕ್ಕ ಮಲಗ್ಲಿ, ಅದನ್ನೂ ನೀನೇ ಹೇಳ್ಬಿಡು."

"ಅವನನ್ನ ತೆಗೆಸಿ ಅಲ್ಲಿಗೆ ತರಬೋದು. ನಾನೇ ಓಡಾಡ್ತೀನಿ. ವಿಧಿ ಇದೆಯಲ್ಲ, ನೂರಾ ಹದಿ..."

"ಮಲಗಿರೋನನ್ನ ಎಬ್ಬಿಸ್ಬೇಡ. ಬದುಕಿದ್ದಾಗ್ಲೂ ಅವನಿಗೆ ನಿದ್ದೆ ಕಮ್ಮಿ." ಅವಳು ಒಂದು ಪೈಯನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು. "ಸಂವಿಧಾನ ಬದುಕಿರೋರಿಗೆ ಅಂದಿದ್ದೆ. ಸರಿಯಾಗೇ ಅಂದಿದ್ದೆ ಕಣೋ. ನೀನು ಬದುಕಿದ್ದೆ, ನಿಂಗೆ ಸಿಕ್ತು."

ಅವನು ಆ ಪೈ ತಿನ್ನದೆ ದಾರಿಯುದ್ದಕ್ಕೂ ಹಿಡಿದುಕೊಂಡು ಬಂದದ್ದನ್ನು ಸೇತುವೆಯ ಮೇಲೆ ನಾನೇ ನೋಡಿದೆ.

ಈಗಲೂ ಭಾನುವಾರ ಅವನು ಫ್ಲಾಸ್ಕು ಹಿಡಿದು ಹೊರಡುತ್ತಾನೆ. ಮೊದಲು ಸೇತುವೆ ದಾಟಿ ಟೆಡ್‌ನ ಬಳಿ ಒಂದು ಲೋಟ ಚಹಾ, ಆಮೇಲೆ ಈಚೆಗೆ ಬಂದು ಡಾಫ್ನೆಯ ಕಲ್ಲಿನ ಸುತ್ತ ಕಳೆ ಕಿತ್ತು, ಕೊನೆಗೆ ನಾರ್ಮಾ. ಅಷ್ಟರಲ್ಲಿ ಚಹಾ ಆರಿಹೋಗಿರುತ್ತದೆ. ಕ್ಲಾರಿ ತನ್ನ ರಾಜ್ಯಕ್ಕೆ ಹೋಗಿಬರುತ್ತಾನೆ ಎಂದು ನಾವು ನಗುತ್ತೇವೆ, ನಗದೆ ಬಿಡುವ ಜನವೇ ನಾವು? ಗ್ಲೆನಿಸ್ ಮಾತ್ರ ನಗುವುದಿಲ್ಲ. ನಿನ್ನ ಗುಂಡಿ ಯಾವ ದಡದಲ್ಲಿ ಎಂದು ಲೆನ್ ಎರಡು ಸಲ ಕೇಳಿ ನೋಡಿದ. ಅವಳಿನ್ನೂ ಹೇಳಿಲ್ಲ.