ಮಾವ ನಿಲ್ಲಿಸಿದ ನೀರು

ನನ್ನ ಮಾವ ಬೀಚನಹಳ್ಳಿಯ ಕಬಿನಿ ಡ್ಯಾಮಿನಲ್ಲಿ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದರು. ನೀರಿನ ವಿಷಯದಲ್ಲಿ ಅವರಿಗೆ ಯಾರೂ ಬುದ್ಧಿ ಹೇಳುವ ಹಾಗಿರಲಿಲ್ಲ. ಬಚ್ಚಲ ಹಂಡೆ ತುಂಬಿದರೂ ಅವರೇ ಬಂದು ನೋಡಿ ಸಾಕು ಎನ್ನಬೇಕಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚೊಚ್ಚಲ ಬಸುರಿ. ಏಳು ತಿಂಗಳು ತುಂಬುವಷ್ಟರಲ್ಲಿ ಹೊಟ್ಟೆ ನನಗಿಂತ ಮುಂಚೆ ಬಾಗಿಲು ದಾಟುತ್ತಿತ್ತು. ಅವಳಿ ಮಕ್ಕಳೇ ಎಂದು ಬೀದಿಯವರೆಲ್ಲ ತೀರ್ಮಾನಿಸಿದರು. ಅತ್ತೆ ಇನ್ನೊಂದು ತೊಟ್ಟಿಲನ್ನು ಎರವಲು ತಂದು ಅಟ್ಟಕ್ಕೆ ಹಾಕಿದರು. ಮಲಗಿದರೆ ನನಗೆ ಉಸಿರು ಕಟ್ಟುತ್ತಿತ್ತು. ಇಬ್ಬರನ್ನು ಹೊತ್ತವಳಿಗೆ ಅಷ್ಟೂ ಆಗದಿದ್ದರೆ ಹೇಗೆ ಎಂದರು ಅತ್ತೆ.

ಗಂಡ ಲಾರಿ ಓಡಿಸಿಕೊಂಡು ಕೇರಳದ ಕಡೆ ಹೋಗಿದ್ದರಿಂದ ಮೈಸೂರಿಗೆ ಸ್ಕ್ಯಾನಿಂಗಿಗೆ ಮಾವನೇ ಕರೆದುಕೊಂಡು ಹೋದರು. ಡಾಕ್ಟರಮ್ಮ, "ಒಂದೇ ಮಗು. ಸುತ್ತ ನೀರು ತುಂಬಾ ಜಾಸ್ತಿಯಾಗಿದೆ," ಎಂದರು. ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು, ನೀರು ಒಮ್ಮೆಲೇ ಒಡೆದರೆ ಹೊಕ್ಕುಳಬಳ್ಳಿ ಜಾರಿ ಮುಂದೆ ಬರಬಹುದು, ಹಾಗಾದರೆ ಮಗು ಉಳಿಯುವುದು ಕಷ್ಟ ಎಂದರು. ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೆ. ಮಾವ ಮಾತ್ರ ತಲೆಯಾಡಿಸುತ್ತಾ ಕೇಳಿಸಿಕೊಂಡರು. ಯಾರೋ ಕೊನೆಗೂ ಅವರಿಗೆ ತಿಳಿದ ವಿಷಯ ಮಾತಾಡಿದ್ದರು.

ಮನೆಗೆ ಬಂದವರೇ ಅತ್ತೆಗೆ ಹೇಳಿದರು: "ಒಳಹರಿವು ಕಮ್ಮಿ ಮಾಡ್ಬೇಕು ಕಣೆ. ಇವ್ಳಿಗೆ ನೀರ್ ಕೊಡ್ಬ್ಯಾಡ."

ಅಂದಿನಿಂದ ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ. ಸಾರು ಬಂದ್, ಮಜ್ಜಿಗೆ ಬಂದ್. ರಾಗಿಮುದ್ದೆಯನ್ನು ಒಣ ಪಲ್ಯದಲ್ಲಿ ನುಂಗಬೇಕು. ಮುದ್ದೆ ತಿಂದವರಿಗೆ ಗೊತ್ತು ಅದೇನೆಂದು. ಕಬಿನಿಯ ಹಿನ್ನೀರು ಕಣ್ಣಿಗೆ ಕಾಣುವ ಮನೆಯಲ್ಲಿ ತುಟಿ ಒಡೆದುಕೊಂಡು ಕೂತಿದ್ದೆ. ಮಾವನ ಮೇಲೆ ಕೆಟ್ಟ ಕೋಪ ಬರುತ್ತಿತ್ತು. ಅವರು ದಿನಾ ಸಂಜೆ ದೂರದಿಂದಲೇ ಹೊಟ್ಟೆ ನೋಡಿ, "ಇಳ್ದಿಲ್ವಲ್ಲ," ಎನ್ನುತ್ತಿದ್ದರು.

ಮುಂದಿನ ಸಲ ಹೋದಾಗ ನನ್ನ ಒಣಗಿದ ನಾಲಿಗೆ ನೋಡಿ ಡಾಕ್ಟರಮ್ಮ ಕಾರಣ ಕೇಳಿದರು. ಮಾವ ಹೆಮ್ಮೆಯಿಂದಲೇ ವಿವರಿಸಿದರು.

"ಯಜಮಾನ್ರೇ, ಇವರು ಕುಡಿಯೋದಕ್ಕೆ ಇದು ಏರಿದ್ದಲ್ಲ. ಒಳಗಿರೋ ಮಗು ಆ ನೀರನ್ನ ನುಂಗ್ತಾ ಇರ್ಬೇಕು. ಕೆಲವು ಮಕ್ಕಳಿಗೆ ಅನ್ನನಾಳ ಮುಚ್ಚಿರುತ್ತೆ, ನುಂಗೋಕಾಗಲ್ಲ, ಆಗ ನೀರು ಏರುತ್ತೆ. ಹುಟ್ಟಿದ ಮೇಲೆ ನಾವು ಟ್ಯೂಬು ಹಾಕಿ ನೋಡೋ ತನಕ ಬಾಯಿಗೆ ಏನೂ ಹಾಕ್ಬೇಡಿ. ಮೊದಲು ಇವರಿಗೆ ನೀರು ಕೊಡಿ."

ಬಸ್ಸು ನಮ್ಮ ತಾಲ್ಲೂಕು ಕೇಂದ್ರವಾದ ಕೋಟೆ ತಲುಪಿತು. ಇಳಿಯುವಾಗ ಮಾವ, "ನುಂಗಾಕ್ ಆಗ್ತಿಲ್ವೇನೋ ಕಣವ್ವ, ಕೂಸ್ಗೆ," ಎಂದರು. ನನ್ನ ಕೋಪ ಅಲ್ಲೇ ಇಳಿದುಹೋಯಿತು. ಭಯ ಮಾತ್ರ ಉಳಿಯಿತು. ಅಂದು ರಾತ್ರಿಯಿಂದ ಅತ್ತೆ ಮತ್ತೆ ನೀರು ಕೊಡತೊಡಗಿದರು.

ದಿನ ತುಂಬುವ ಮುಂಚೆಯೇ ನೋವು ಬಂತು. ಆಸ್ಪತ್ರೆಯಲ್ಲಿ ಮಗುವಿನ ಸುತ್ತಲಿನ ನೀರಿನ ಚೀಲಕ್ಕೆ ಸಣ್ಣಗೆ ಚುಚ್ಚಿ ನೀರನ್ನು ನಿಧಾನವಾಗಿ ಬಿಟ್ಟರು. ಇದನ್ನು ಕೇಳಿ ಮಾವ, "ಅಂಗೇ ಬುಡ್ಬೇಕು," ಎಂದು ಹೊರಗೆ ಒಪ್ಪಿಗೆ ಕೊಟ್ಟರಂತೆ.

ಹೆಣ್ಣು ಮಗು, ಅಂಗೈಯಗಲದ್ದು. ನಮ್ಮಲ್ಲಿ ಹುಟ್ಟಿದ ಕೂಸಿನ ನಾಲಿಗೆಗೆ ಹಿರಿಯರು ಮೊದಲು ಜೇನು ಮುಟ್ಟಿಸಬೇಕು. ಅತ್ತೆ ಬಟ್ಟಲು ಹಿಡಿದೇ ನಿಂತಿದ್ದರು. ಮಾವ ಅದನ್ನು ಕಸಿದುಕೊಂಡು ಕಿಟಕಿಯಿಂದಾಚೆ ಚೆಲ್ಲಿದರು. ಅತ್ತೆ ಎಲ್ಲರೆದುರು ಗಂಡನಿಗೆ ಬೈದದ್ದು ಅದೇ ಮೊದಲು.

ಟ್ಯೂಬು ಸಲೀಸಾಗಿ ಹೊಟ್ಟೆಗಿಳಿಯಿತು. ಹಾಗಾದರೆ ನೀರು ಯಾಕೆ ಏರಿತ್ತೆಂದು ಡಾಕ್ಟರಮ್ಮನಿಗೂ ಗೊತ್ತಾಗಲಿಲ್ಲ. ಮಗುವನ್ನು ನನ್ನ ಎದೆಗೆ ಹಾಕಿದರು. ಮಾವ ಬಾಗಿಲ ಹೊರಗೆ ಗೋಡೆಗೆ ಮುಖಮಾಡಿ ನಿಂತಿದ್ದರು.

"ನುಂಗ್ತಾ ಐತಾ?"

"ನುಂಗ್ತಿದಾಳೆ ಮಾವ," ಎಂದೆ. ಅಳು ತಡೆಯಲಾಗಲಿಲ್ಲ.

ಅವರು ಎಲ್ಲಿಗೋ ಹೋಗಿ ತುಂಬಿದ ಚೊಂಬು ಹಿಡಿದು ಬಂದರು. ಬಾಣಂತಿಗೆ ನೀರು ಕೊಡುವುದು ನಮ್ಮ ಕಡೆ ನಿಷಿದ್ಧ. ಅತ್ತೆ ಅಡ್ಡ ಬಂದು, "ಬಾಣಂತೀಗೆ ನೀರಾ? ತಲೆ ಕೆಟ್ಟೈತಾ ನಿಮ್ಗೆ?" ಎಂದರು.

"ಕುಡೀಲಿ ಬುಡು," ಎಂದರು ಮಾವ. "ನಿಲ್ಸಿದ್ದು ನಾನು. ನಾನೇ ಬುಡ್ತಿವ್ನಿ."

ನಾನು ಚೊಂಬನ್ನು ಬರಿದು ಮಾಡಿ ವಾಪಸು ಕೊಟ್ಟೆ.