ಕೆಂಪು ದೀಪ ಮತ್ತು ರುದ್ರಮ್ಮನ ಹಲ್ಲು

ಕಳೆದ ವಾರ ನನ್ನ ಜಂಬ ಇಳಿಸಿದ್ದು ಒಂದು ಮೆಕ್ಕೆಜೋಳದ ಕಾಳು.

ಚನ್ನಗಿರಿಯಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಅಂಗಡಿ ಇರುವುದು ನಿಮಗೆ ಗೊತ್ತೇ ಇದೆ. ಸಂತೇಬೆನ್ನೂರಿನ ಜೋಳದ ವ್ಯಾಪಾರಿಯೊಬ್ಬರ ತೇವಾಂಶ ಅಳೆಯುವ ಮೆಷಿನ್‌ಗೆ ಹೊಸ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬರೆದದ್ದು ಪೈಥಾನ್ ಭಾಷೆಯಲ್ಲಿ. ಮೆಷಿನ್ ಜೊತೆ ಮಾತಾಡುವ ಭಾಗ ಮಾತ್ರ ಹಳೆಯದು, ನನಗೆ ಪಾಠ ಹೇಳಿದ ಶಾರದಾ ಮೇಡಂ ಎಷ್ಟೋ ವರ್ಷಗಳ ಹಿಂದೆ ಸಿ ಭಾಷೆಯಲ್ಲಿ ಬರೆದದ್ದು. ಚೆನ್ನಾಗಿರುವುದನ್ನು ಮತ್ತೆ ಯಾಕೆ ಬರೆಯಬೇಕು? ನನ್ನ ಪೈಥಾನ್ ಅವರ ಕೋಡನ್ನು ಕರೆಯುತ್ತದೆ, ಅದು ಅಳೆದು ಹೇಳುತ್ತದೆ.

ತೆರೆಯ ಮೇಲಿನ ಅಂಕಿ ತೆಗೆದು ದೀಪ ಇಟ್ಟಿದ್ದೆ. ಒಣಗಿದ್ದರೆ ಹಸಿರು, ಹಸಿ ಇದ್ದರೆ ಕೆಂಪು. ಪರೀಕ್ಷೆಗೆಂದು ನೀರು ಚಿಮುಕಿಸಿದ ಜೋಳ ಹಾಕಿದೆ, ಕೆಂಪು ಬಂತು, ಖುಷಿಪಟ್ಟೆ. (ಒಣ ಜೋಳ ಹಾಕಿ ನೋಡುವ ಬುದ್ಧಿ ಬರಲಿಲ್ಲ.)

ಮೊದಲ ಲೋಡು ಕತ್ತಲಗೆರೆಯ ರುದ್ರಮ್ಮನದು. ಕೆಂಪು. ಮತ್ತೆ ಹಾಕಿದರೂ ಕೆಂಪೇ. ವ್ಯಾಪಾರಿ, ವಾಪಸ್ ಒಯ್ದು ಒಣಗಿಸಿ ತನ್ನಿ ಎಂದರು. ಎಂಟು ದಿನ ಹರವಿ, ಮೋಡ ಕಂಡಾಗಲೆಲ್ಲ ಓಡಿ ಟಾರ್ಪಾಲು ಮುಚ್ಚಿದ ಜೋಳ ಅದು. ಅಲ್ಲೇ ನಿಂತಿದ್ದ ನಾನೋ, ಮೆಷಿನ್ ಸುಳ್ಳು ಹೇಳುತ್ತದೆಯೇ ಎಂದುಬಿಟ್ಟೆ.

ರುದ್ರಮ್ಮ ಜಗಳಕ್ಕೆ ಬರಲಿಲ್ಲ. ಚೀಲದಿಂದ ಒಂದು ಕಾಳು ತೆಗೆದು ಕಡಿದರು, ಇನ್ನೊಂದನ್ನು ನನ್ನ ಕೈಗಿಟ್ಟರು. (ನಮ್ಮ ಕಡೆ ಜೋಳ ಒಣಗಿದೆಯೋ ಇಲ್ಲವೋ ನೋಡುವುದು ಹೀಗೇ, ಒಣಗಿದ್ದರೆ ಕಟ್ ಎನ್ನುತ್ತದೆ.)

"ಮಿಷಿನ್ನಿಗೆ ಹಲ್ಲಿಲ್ಲ. ನಿಮಗೈತಲ್ಲ, ಕಡಿದು ನೋಡ್ರಿ."

ಕಡಿದೆ. ಕಟ್ ಎಂದಿತು.

ಮೇಡಂಗೆ ಫೋನ್ ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಕೋಡು ದಶಾಂಶದಾಗೆ ಉತ್ತರ ಕೊಡತೈತೆ ಅಂತ ನಿನ್ನ ಪೈಥಾನ್‌ಗೆ ಹೇಳಿದೀಯೇನಪ್ಪಾ?"

ಹೇಳಿರಲಿಲ್ಲ. ಹೇಳದಿದ್ದರೆ ಪೈಥಾನ್, ಬರುವುದು ಪೂರ್ಣಾಂಕವೆಂದೇ ತಿಳಿದು ತಪ್ಪು ಜಾಗಕ್ಕೆ ಕೈಹಾಕುತ್ತದೆ. ಏನೋ ಒಂದು ಭಾರೀ ಅಂಕಿ ಎತ್ತಿಕೊಳ್ಳುತ್ತದೆ. ತೆರೆಯ ಮೇಲೆ ಅಂಕಿ ಇದ್ದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಅದನ್ನೂ ನಾನೇ ಮುಚ್ಚಿಟ್ಟಿದ್ದೆ!

ಒಂದು ಸಾಲು ಸೇರಿಸಿ, ಅಂಕಿಯನ್ನೂ ತೆರೆಗೆ ತಂದು, ಅದೇ ಜೋಳ ಮತ್ತೆ ಹಾಕಿದೆ. ತೇವಾಂಶ ಶೇಕಡಾ ಹನ್ನೆರಡೂವರೆ. ಹಸಿರು ದೀಪ.

ತಪ್ಪು ನನ್ನದಮ್ಮಾ ಎಂದು ರುದ್ರಮ್ಮನಿಗೆ ಕೈಮುಗಿದೆ. ಆಗಲಿ ಬಿಡ್ರಿ, ಕಡಿದು ನೋಡಿದ್ರಲ್ಲ ಎಂದು ನಕ್ಕರು. ಬೈಯದೆ ತಿದ್ದುವ ಇಬ್ಬರು ಒಂದೇ ಬೆಳಿಗ್ಗೆ ಸಿಗುವುದು ಪುಣ್ಯ. ಇಬ್ಬರಿಗೂ ನಾನು ಋಣಿ.

ಈಗ ದೀಪದ ಪಕ್ಕ ಅಂಕಿಯೂ ಇದೆ. ಆದರೂ ಕೆಂಪು ಹೊತ್ತಿದರೆ ವ್ಯಾಪಾರಿ ಮೊದಲು ಮಾಡುವುದೇನು ಗೊತ್ತೇ? ಒಂದು ಕಾಳು ತೆಗೆದು ಕಡಿಯುತ್ತಾರೆ.